ಅಂಗಳದ ಮಳೆನೀರು ಹೊರಹಾಕಲು ಎಂತಹ ಪಂಪು?

ಶೀತದೇಶಗಳಲ್ಲಿ ನೆಲೆಸಿದ ನಮ್ಮ ಬಂಧುಗಳು ಮನೆಯ ಮುಂದಿನ ಹಿಮವನ್ನು ತೆಗೆಯುವ ಸಲಕರಣೆಯನ್ನು ಚಳಿಗಾಲಕ್ಕೆ ಮುನ್ನವೇ ಕೊಂಡಿಡುತ್ತಾರೆ. ಚೆನ್ನೈವಾಸಿಗಳಾದ ನಮಗೆ ಹಿಮದ ಭಯವಿಲ್ಲ. ಹಿಂಗಾರು ಮಳೆಯ ಭಯವುಂಟು. 2015ರ ಮತ್ತು 2023ರ ಡಿಸೆಂಬರ್ ತಿಂಗಳುಗಳಲ್ಲಿ ವೇಳಚೇರಿಯಂತಹ ತಗ್ಗು ಬಡಾವಣೆಗಳ ನಿವಾಸಿಗಳು ಪಟ್ಟ ಪಾಡನ್ನು ವಾಚಕರು ಮರೆತಿರಲಾರರು. ಅಕ್ಟೋಬರಿಗೆ ಮುನ್ನವೇ ತಕ್ಕ ಪಂಪನ್ನು ಆರಿಸಿಕೊಳ್ಳುವುದು ವಿವೇಕ.

ಮೊದಲು ಯೋಚಿಸಬೇಕಾದುದು ನೀರು ಎಲ್ಲಿಗೆ ಹೋಗಬೇಕೆಂಬುದನ್ನು. ಬೀದಿಯ ನೀರು ಅಂಗಳದ ನೀರಿಗಿಂತ ಎತ್ತರದಲ್ಲಿದ್ದರೆ, ಗೇಟಿಗೆ ಮರಳುಚೀಲಗಳ ಅಡ್ಡಗಟ್ಟೆ ಹಾಕದೆ ಪಂಪು ನಡೆಸುವುದು ತೂತು ಕೊಡಕ್ಕೆ ನೀರು ತುಂಬಿದಂತೆಯೇ ಸರಿ. ಕೊಳಕು ನೀರನ್ನು ಇಂಗುಬಾವಿಗಾಗಲಿ ಒಳಚರಂಡಿಗಾಗಲಿ ಬಿಡಬಾರದು. ಮಳೆನೀರಿನ ಚರಂಡಿಯೇ ಅದರ ಹಾದಿ.

ಇನ್ನು ಲೆಕ್ಕ. 30 ಅಡಿ ಅಗಲ, 40 ಅಡಿ ಉದ್ದದ ಅಂಗಳದಲ್ಲಿ ಅರ್ಧ ಅಡಿ ನೀರು ನಿಂತರೆ 600 ಘನ ಅಡಿ, ಅಂದರೆ ಸುಮಾರು 17,000 ಲೀಟರ್. ನಿಮಿಷಕ್ಕೆ 100 ಲೀಟರ್ ಹೊರಹಾಕುವ ಪಂಪಿಗೆ ಇದು ಮೂರು ತಾಸಿನ ಕೆಲಸ. ಕೊಳವೆ ಉದ್ದವಾದಷ್ಟೂ ಎತ್ತರ ಹೆಚ್ಚಿದಷ್ಟೂ ನೀರಿನ ಪ್ರಮಾಣ ಕುಗ್ಗುತ್ತದೆ. ಆದುದರಿಂದ ಅಂಗಡಿಯಲ್ಲಿ ಅಶ್ವಶಕ್ತಿಯನ್ನಷ್ಟೇ ಕೇಳದೆ, ನಮ್ಮ ಮನೆಗೆ ಬೇಕಾದ ಎತ್ತರಕ್ಕೆ ನಿಮಿಷಕ್ಕೆ ಎಷ್ಟು ಲೀಟರ್ ಬರುವುದೆಂದು ಕೇಳಬೇಕು.

ಮಾಳಿಗೆಯ ಟ್ಯಾಂಕಿಗೆ ನೀರೇರಿಸುವ ಮಾನೋಬ್ಲಾಕ್ ಪಂಪನ್ನೇ ಬಳಸಬಾರದೇಕೆಂಬ ಪ್ರಶ್ನೆ ಸಹಜ. ಅದು ಶುದ್ಧ ನೀರಿಗೆಂದು ರಚಿತವಾದುದು. ಕೆಸರು, ಎಲೆ ಸೇರಿದರೆ ಕಟ್ಟಿಕೊಳ್ಳುತ್ತದೆ, ಮೋಟಾರು ನೆನೆದರೆ ಕೆಡುತ್ತದೆ. ಕೆಸರುನೀರಿಗೆಂದೇ ತಯಾರಾದ ಸಬ್‌ಮರ್ಸಿಬಲ್ ಪಂಪು ಲೇಸು. ಸುತ್ತಲಿನ ನೀರೇ ಅದರ ಮೋಟಾರನ್ನು ತಣಿಸುವುದರಿಂದ, ನೀರು ತಗ್ಗಿದೊಡನೆ ತಾನೇ ನಿಲ್ಲುವ ಫ್ಲೋಟ್ ಸ್ವಿಚ್ಚು ಉಳ್ಳದ್ದನ್ನೇ ಕೊಳ್ಳಬೇಕು.

ಆದರೆ ನೆರೆ ಬಂದಾಗ ವಿದ್ಯುತ್ತು ನಿಲ್ಲುವುದೇ ಹೆಚ್ಚು. ಮನೆಯ ಸಾಮಾನ್ಯ ಇನ್ವರ್ಟರು ಮೋಟಾರಿನ ಆರಂಭದ ಹೊರೆಯನ್ನು ತಾಳುವುದು ಕಷ್ಟ. ಪದೇಪದೇ ಮುಳುಗುವ ಬೀದಿಯವರಿಗೆ ಪೆಟ್ರೋಲ್ ಎಂಜಿನ್ ಪಂಪು ಅನುಕೂಲ. ವರ್ಷಕ್ಕೆ ನಾಲ್ಕು ದಿನದ ಉಪಯೋಗಕ್ಕೆ ಒಬ್ಬರೇ ಹಣ ಹೂಡುವ ಬದಲು ನಾಲ್ಕು ಮನೆಯವರು ಸೇರಿ ಕೊಳ್ಳುವುದು ಮಿತವ್ಯಯ.

ಪ್ರಾಣರಕ್ಷಣೆಯ ವಿಷಯದಲ್ಲಿ ಮಾತ್ರ ಮಿತವ್ಯಯ ಸಲ್ಲದು. ಪೆಟ್ರೋಲ್ ಎಂಜಿನ್ನು ಉಗುಳುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನೆಲಮಾಳಿಗೆಯಲ್ಲಾಗಲಿ ಕಾರುಕೊಟ್ಟಿಗೆಯಲ್ಲಾಗಲಿ ಅದನ್ನು ನಡೆಸಿದರೆ ಮೃತ್ಯುವನ್ನು ಆಹ್ವಾನಿಸಿದಂತೆ. ಬಾಗಿಲು ಕಿಟಕಿಗಳಿಂದ ದೂರ, ಬಯಲಿನಲ್ಲೇ ಅದನ್ನಿರಿಸಬೇಕು. ವಿದ್ಯುತ್ ಪಂಪಿಗೆ 30 ಮಿಲಿಆಂಪಿಯರ್ ಸೋರಿಕೆಗೇ ವಿದ್ಯುತ್ತನ್ನು ಕಡಿದುಹಾಕುವ ರಕ್ಷಕ ಸ್ವಿಚ್ಚು ಅತ್ಯವಶ್ಯ. ತಂತಿಯ ಜೋಡಣೆ ನೀರಿಗಿಂತ ಮೇಲಿರಲಿ. ಮೇನ್ ಸ್ವಿಚ್ಚನ್ನು ಆರಿಸದೆ ಯಾರೂ ಪಂಪು ಮುಟ್ಟಬಾರದು, ಅದಿರುವ ನೀರಿಗೆ ಇಳಿಯಲೂ ಬಾರದು. ಇಲಿಯ ಮೂತ್ರ ಬೆರೆತ ನೀರಿನಿಂದ ಇಲಿಜ್ವರ ಹರಡುವುದರಿಂದ ರಬ್ಬರಿನ ಬೂಟು ಧರಿಸಬೇಕು. ಗಾಯವಿದ್ದವರು ನೀರಿನಿಂದ ದೂರವಿರಬೇಕು.

ಸೆಪ್ಟೆಂಬರಿನಲ್ಲೊಮ್ಮೆ ಪಂಪನ್ನು ನಡೆಸಿ ನೋಡಿ, ಮನೆಯವರೆಲ್ಲರಿಗೂ ಈ ನಿಯಮಗಳನ್ನು ತಿಳಿಸಿಡುವುದು ಕ್ಷೇಮ. ಅಂಗಳದ ನೀರು ಒಂದು ದಿನ ತಡವಾಗಿ ಹೋದರೂ ನಷ್ಟವಿಲ್ಲ. ಹೋದ ಪ್ರಾಣ ಮರಳಲಾರದು.