ಅಳಿಯದ ಅಕ್ಷರ

ಕೊಪ್ಪಳದ ಗವಿಮಠದ ಬೆಟ್ಟದಲ್ಲಿ ಅಶೋಕ ಚಕ್ರವರ್ತಿಯ ಶಿಲಾಶಾಸನವಿದೆ. ಬ್ರಾಹ್ಮೀ ಲಿಪಿಯ ಆ ಅಕ್ಷರಗಳು ಎರಡು ಸಾವಿರ ವರ್ಷಗಳ ಮಳೆಬಿಸಿಲನ್ನು ಸಹಿಸಿ ಇಂದಿಗೂ ಉಳಿದಿವೆ. ಒಮ್ಮೆ ಬರೆದುದು ಸುಲಭವಾಗಿ ಅಳಿಯದು ಎಂಬುದಕ್ಕೆ ಆ ಬಂಡೆಯೇ ಸಾಕ್ಷಿ.

ಈಗ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಹಳ್ಳಿಗಳಿಗೂ ಮೊಬೈಲ್ ಬಂದಿದೆ. ಅದರಲ್ಲಿ ಬರೆದ ಮಾತೂ ಗಾಳಿಗೆ ಹೋಗುವ ಮಾತಲ್ಲ. ಬರೆದವನು ಅಳಿಸಿದರೂ ಅದರ ಪ್ರತಿಗಳು ಹತ್ತಾರು ಜನರ ಬಳಿ ಉಳಿದಿರುತ್ತವೆ. ಶಾಸನವನ್ನು ಓದಲು ಜನರು ಬೆಟ್ಟಕ್ಕೆ ಹೋಗಬೇಕು. ಮೊಬೈಲಿನ ನಿಂದೆಯಾದರೋ ನೊಂದವರ ಮನೆಯೊಳಕ್ಕೇ ಬರುತ್ತದೆ.

ಸಹಪಾಠಿಯ ಭಾವಚಿತ್ರವನ್ನು ವಿಕಾರಗೊಳಿಸಿ ವಾಟ್ಸಾಪ್ ಗುಂಪಿನಲ್ಲಿ ಹಂಚುವುದು, ಅವರ ಹೆಸರಿನಲ್ಲಿ ಸುಳ್ಳು ಖಾತೆ ತೆರೆಯುವುದು, ಮೈಬಣ್ಣ, ಜಾತಿ, ಬಡತನಗಳನ್ನು ಹಿಡಿದು ಮತ್ತೆ ಮತ್ತೆ ಹಂಗಿಸುವುದು, ಇವೆಲ್ಲ ಸೈಬರ್ ಕಿರುಕುಳಗಳು. ಮಾಡುವವರು ಇದನ್ನು ತಮಾಷೆ ಎನ್ನುತ್ತಾರೆ. ಹಿಂದೆ ಶಾಲೆಯಂಗಳದ ಜಗಳ ಸಂಜೆಯ ಗಂಟೆಯೊಡನೆ ಮುಗಿಯುತ್ತಿತ್ತು. ಈ ಕಿರುಕುಳಕ್ಕೆ ರಾತ್ರಿಯ ಬಿಡುವೂ ಇಲ್ಲ. ನೊಂದ ಮಗು ಊಟನಿದ್ರೆಗಳನ್ನು ತೊರೆದು ಶಾಲೆಗೆ ಹೋಗಲು ಅಂಜುತ್ತದೆ. ಹೇಳಿಕೊಂಡರೆ ಮೊಬೈಲನ್ನು ಕಸಿದುಕೊಂಡಾರು, ಶಾಲೆ ಬಿಡಿಸಿಯಾರು ಎಂಬ ಭಯದಿಂದ ಎಷ್ಟೋ ಬಾಲಕಿಯರು ಮನೆಯಲ್ಲಿ ಬಾಯಿಬಿಡುವುದಿಲ್ಲ. ಆದುದರಿಂದ ದುಃಖ ಹೇಳಿಕೊಂಡ ಮಗುವನ್ನೇ ದಂಡಿಸದಿರುವುದು ಹಿರಿಯರ ಮೊದಲ ಕರ್ತವ್ಯ.

ಕಿರುಕುಳಕ್ಕೆ ಗುರಿಯಾದವರು ನಿಂದೆಗೆ ನಿಂದೆಯನ್ನೇ ಮರಳಿಸಬಾರದು. ಸಂದೇಶದ ಪ್ರತಿಯನ್ನು ಸಾಕ್ಷಿಯಾಗಿ ಇರಿಸಿಕೊಂಡು, ಕಳುಹಿಸಿದವರನ್ನು ಬ್ಲಾಕ್ ಮಾಡಿ, ತಂದೆತಾಯಿಗಳಿಗೆ ಇಲ್ಲವೆ ಶಿಕ್ಷಕರಿಗೆ ತಿಳಿಸಬೇಕು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು. ಮನಸ್ಸು ಕುಗ್ಗಿದವರಿಗೆ 2022ರಲ್ಲಿ ಆರಂಭವಾದ ‘ಟೆಲಿ ಮನಸ್’ ಸೇವೆಯು 14416 ಸಂಖ್ಯೆಯಲ್ಲಿ ದೊರೆಯುತ್ತದೆ. ಕಾನೂನಿನ ರಕ್ಷಣೆಯೂ ಉಂಟು. ಒಬ್ಬರ ಖಾಸಗಿ ಅಂಗಗಳ ಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆಯುವುದೂ ಹರಡುವುದೂ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಂತೆ ಶಿಕ್ಷಾರ್ಹ ಅಪರಾಧ.

ಆದರೆ ಕಾನೂನಿಗಿಂತ ಮೊದಲು ನೆರವಾಗಬಲ್ಲವರು ಗೆಳೆಯರೇ. ನಿಂದೆಯನ್ನು ಬರೆಯುವವನು ಒಬ್ಬ. ಅದನ್ನು ಊರೆಲ್ಲ ಹರಡುವವರು ನೋಡಿ ನಕ್ಕ ಹಲವರು. ಅವರು ಮುಂದಕ್ಕೆ ಕಳುಹಿಸದಿದ್ದರೆ ನಿಂದೆ ಅಲ್ಲಿಯೇ ನಿಲ್ಲುತ್ತದೆ. ‘ಇದು ಸರಿಯಲ್ಲ’ ಎಂದು ಒಬ್ಬನಾದರೂ ಬರೆದರೆ, ಮರುದಿನ ನೊಂದವಳ ಪಕ್ಕದಲ್ಲಿ ಗೆಳತಿಯೊಬ್ಬಳು ಕುಳಿತರೆ, ಅವಳ ಅರ್ಧ ಭಾರ ಇಳಿಯುತ್ತದೆ.

ಶ್ರೇಯಸ್ಸು ದೊಡ್ಡವರಿಗೆ ಮಾತ್ರ ಮೀಸಲಲ್ಲ, ಚಿಕ್ಕವರೂ ಪ್ರಯತ್ನದಿಂದ ಅದನ್ನು ಪಡೆಯಬಲ್ಲರು ಎಂಬುದು ಗವಿಮಠದ ಶಾಸನದ ಆಶಯ. ಕಿರುಕುಳವನ್ನು ತಡೆಯುವುದಕ್ಕೂ ಅಧಿಕಾರ ಬೇಕಿಲ್ಲ. ಬೆರಳು ಅಕ್ಷರವನ್ನು ಒತ್ತುವ ಮೊದಲು ಒಂದು ಕ್ಷಣ ತಡೆದರೆ ಸಾಕು.