ಗ್ಲಾಕೋಮಾ: ಗುಣ ಕಾಣದ ಔಷಧಿಯನ್ನು ಏಕೆ ಬಿಡಬಾರದು?

ಕಣ್ಣಿನ ಪೊರೆ ತೆಗೆಸಿಕೊಂಡವರಿಗೆ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ನೋಟ ತಿಳಿಯಾಗುತ್ತದೆ. ಗ್ಲಾಕೋಮಾ ರೋಗಿಗೆ ಈ ಸಮಾಧಾನವಿಲ್ಲ. ವರ್ಷವಿಡೀ ತಪ್ಪದೆ ಹನಿ ಹಾಕಿಕೊಂಡರೂ ದೃಷ್ಟಿ ಸುಧಾರಿಸುವುದಿಲ್ಲ. ಬಿಟ್ಟರೆ ಮರುದಿನವೇ ಏನೂ ಆಗುವುದಿಲ್ಲ. ‘ದುಡ್ಡು ಸುರಿದದ್ದೇ ಬಂತು’ ಎಂದು ಮನೆಯವರಿಗೆ ಅನಿಸುವುದು ಸಹಜ. ಎಷ್ಟೋ ಮನೆಗಳಲ್ಲಿ ಔಷಧಿ ನಿಲ್ಲುವುದು ಈ ಹಂತದಲ್ಲಿಯೇ.

ಕಣ್ಣಿನೊಳಗೆ ಸದಾ ಒಂದು ದ್ರವ ಉತ್ಪತ್ತಿಯಾಗಿ ಹೊರಗೆ ಹರಿಯುತ್ತಿರುತ್ತದೆ. ಈ ಹರಿವಿಗೆ ಅಡ್ಡಿಯಾದಾಗ ಕಣ್ಣಿನ ಒತ್ತಡ ಏರಿ ದೃಷ್ಟಿನರ ನಿಧಾನವಾಗಿ ನಾಶವಾಗುತ್ತದೆ. ಸಾಮಾನ್ಯ ಬಗೆಯ ಗ್ಲಾಕೋಮಾದಲ್ಲಿ ನೋವಿಲ್ಲ, ಕಣ್ಣು ಕೆಂಪಾಗುವುದಿಲ್ಲ. ಮೊದಲು ಹೋಗುವುದು ಅಂಚಿನ ನೋಟ. ಹೀಗಾಗಿ ಪತ್ರಿಕೆ ಓದಬಲ್ಲವರಿಗೂ ಪಕ್ಕದಿಂದ ಬರುವ ಸೈಕಲ್ ಕಾಣದಿರಬಹುದು. ಹೋದ ನೋಟ ಮರಳಿ ಬಾರದು. ಹನಿಯ ಕೆಲಸ ಉಳಿದದ್ದನ್ನು ಕಾಯುವುದು, ಅಷ್ಟೆ.

ಇನ್ನು ಖರ್ಚಿನ ಮಾತು. ಬಾಟಲಿಯ ಬೆಲೆಯ ಜೊತೆಗೆ ಬಸ್ ಚಾರ್ಜು, ಜೊತೆಗೆ ಬರುವ ಮಗನ ಅಥವಾ ಸೊಸೆಯ ಒಂದು ದಿನದ ಕೂಲಿಯೂ ಸೇರುತ್ತದೆ. ಆದ್ದರಿಂದ ದಿನ ಬಿಟ್ಟು ದಿನ ಹಾಕಿ ಬಾಟಲಿಯನ್ನು ಎಳೆಯುವವರಿದ್ದಾರೆ. ಬೈದಾರೆಂದು ಹೆದರಿ ವೈದ್ಯರಿಗೆ ಹೇಳುವುದಿಲ್ಲ. ಒತ್ತಡ ಇಳಿಯದ್ದನ್ನು ಕಂಡ ವೈದ್ಯರು ಔಷಧಿ ಸಾಲದೆಂದು ಇನ್ನೊಂದು ಬಾಟಲಿ ಬರೆಯುತ್ತಾರೆ! (ರೋಗಿ ಬಿಟ್ಟಿದ್ದಾನೆಯೇ ಎಂದು ಸಮಾಧಾನದಿಂದ ಕೇಳದ ನಮ್ಮಂಥ ವೈದ್ಯರದೂ ಇದರಲ್ಲಿ ಪಾಲಿದೆ.) ಕೈಲಾಗುತ್ತಿಲ್ಲವೆಂದು ನೇರವಾಗಿ ಹೇಳಿ. ಕಡಿಮೆ ಬೆಲೆಯ ಔಷಧಿಗೆ ಬದಲಿಸಲು ಸಾಧ್ಯವೇ ಎಂದು ಕೇಳಿ. ಸರ್ಕಾರಿ ಆಸ್ಪತ್ರೆ, ಜನೌಷಧಿ ಕೇಂದ್ರಗಳಲ್ಲಿ ವಿಚಾರಿಸಿ. ಆದರೆ ಅಂಗಡಿಯಲ್ಲಿ ನೀವೇ ಬದಲಿಸಬೇಡಿ. ಅಗ್ಗವಾದ ಟಿಮೋಲಾಲ್ ಹನಿ ಅಸ್ತಮಾ ಇರುವವರಿಗೂ, ನಾಡಿಬಡಿತ ತೀರ ನಿಧಾನವಾಗಿರುವವರಿಗೂ ಅಪಾಯಕಾರಿ.

ಹಾಕುವ ಕ್ರಮ ತಿಳಿದರೂ ಹಣ ಉಳಿಯುತ್ತದೆ. ಒಂದು ಸಲಕ್ಕೆ ಒಂದೇ ಹನಿ ಸಾಕು. ಹೆಚ್ಚಿನದು ಕೆನ್ನೆಯ ಮೇಲೆ ಹರಿದು ಹೋಗುತ್ತದೆ. ಕೆಳರೆಪ್ಪೆಯನ್ನು ಎಳೆದು, ಬಾಟಲಿಯ ತುದಿ ಕಣ್ಣಿಗೆ ತಾಗದಂತೆ ಹಾಕಿ. ಬಳಿಕ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಬೆರಳಿನಿಂದ 2 ನಿಮಿಷ ಮೆಲ್ಲಗೆ ಒತ್ತಿಹಿಡಿಯಿರಿ. ಇದರಿಂದ ಔಷಧಿ ಮೂಗಿನ ಮೂಲಕ ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ಎರಡು ಬಗೆಯ ಹನಿಗಳಿದ್ದರೆ ನಡುವೆ 5 ನಿಮಿಷ ಬಿಡಿ. ಕೈ ನಡುಗುವ ಅಜ್ಜ ಅಜ್ಜಿಯರಿಗೆ ಮೊಮ್ಮಕ್ಕಳು ಹಾಕಲಿ.

ದಿನವೂ ಹನಿ ಹಾಕುವುದು ಸಾಧ್ಯವೇ ಇಲ್ಲದವರು ಲೇಸರ್ ಚಿಕಿತ್ಸೆಯ ಬಗ್ಗೆ ಕೇಳಬಹುದು. ಬಡವರೇ ಹೆಚ್ಚಾಗಿರುವ ಆಫ್ರಿಕಾದ ತಾಂಜಾನಿಯಾದಲ್ಲಿ ನಡೆದ, 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಂಥ ಲೇಸರ್ ಪಡೆದ ಕಣ್ಣುಗಳಲ್ಲಿ ಶೇ 61ರಷ್ಟು ಒಂದು ವರ್ಷದ ನಂತರ ಹತೋಟಿಯಲ್ಲಿದ್ದವು. ಟಿಮೋಲಾಲ್ ಹಾಕಿದವುಗಳಲ್ಲಿ ಶೇ 31 ಮಾತ್ರ. ಇದು ಎಲ್ಲ ಬಗೆಯ ಗ್ಲಾಕೋಮಾಕ್ಕೂ ಹೊಂದುವುದಿಲ್ಲ, ಪರಿಣಾಮ ಶಾಶ್ವತವೂ ಅಲ್ಲ. ತಪಾಸಣೆಗೆ ಹೋಗುತ್ತಲೇ ಇರಬೇಕು.

ಹಾಗೆ ಹೋಗುವಾಗ ಒಡಹುಟ್ಟಿದವರನ್ನೂ 40 ದಾಟಿದ ಮಕ್ಕಳನ್ನೂ ಕರೆದೊಯ್ಯಿರಿ. ಈ ರೋಗ ರಕ್ತಸಂಬಂಧಿಗಳಲ್ಲಿ ಕಾಣಿಸಿಕೊಳ್ಳುವ ಸಂಭವ ಹೆಚ್ಚು.