ಮುಗ್ಗುಲು ವಾಸನೆ

ಸಂಪಗಾಂವ, ಸವದತ್ತಿ, ರಾಮದುರ್ಗಗಳ ಸುತ್ತಲಿನ ಎರೆಭೂಮಿಯಲ್ಲಿ ಹಿಂಗಾರಿ ಜೋಳವೇ ಜನರ ಜೀವಾಳ. ಬೆಳೆದುದನ್ನು ಬರಗಾಲಕ್ಕೆಂದು ಕಾಪಿಡಲು ಈ ನಾಡಿನ ಹಿರಿಯರು ಹಗೇವುಗಳನ್ನು ತೋಡುತ್ತಿದ್ದರು. ಹಗೇವೆಂದರೆ ಬಾಯಿ ಕಿರಿದಾಗಿ ಒಡಲು ಹಿರಿದಾದ, ನೆಲದೊಳಗಿನ ಕಣಜ. ಗೋಡೆಗೆ ಒಣಹುಲ್ಲನ್ನು ಒತ್ತಿ, ಜೋಳ ತುಂಬಿ, ಬಾಯಿಗೆ ಹಾಸುಗಲ್ಲನ್ನಿಟ್ಟು ಮಣ್ಣು ಮುಚ್ಚುವರು. ಒಳಗಿನ ಆಮ್ಲಜನಕವು ದಿನೇ ದಿನೇ ಕುಗ್ಗಿ ಇಂಗಾಲದ ಡೈ ಆಕ್ಸೈಡ್ ತುಂಬಿಕೊಳ್ಳುವುದರಿಂದ ನುಸಿಹುಳುಗಳು ಬದುಕಲಾರವು. ತೆರೆದೊಡನೆ ಒಳಗಿಳಿದರೆ ಮನುಷ್ಯನ ಜೀವಕ್ಕೂ ಅಪಾಯವೇ! ಆದುದರಿಂದ ಬಾಯಿ ತೆರೆದು, ಗಾಳಿಯಾಡಲು ಬಿಟ್ಟು, ಆಮೇಲೆಯೇ ಇಳಿಯಬೇಕಾಗಿತ್ತು.

ನಡುವಿನ ಜೋಳ ಚೆನ್ನಾಗಿರುತ್ತಿತ್ತು. ಗೋಡೆಗೆ ತಾಗಿದ ಜೋಳ ಮಾತ್ರ ಮಣ್ಣಿನ ತೇವವನ್ನು ಹೀರಿ ಮುಗ್ಗುತ್ತಿತ್ತು. ಅದರ ರೊಟ್ಟಿಯಲ್ಲಿಯೂ ಅದೇ ವಾಸನೆ. ಈ ವಾಸನೆ ಹುಟ್ಟುವುದು ಹೇಗೆ? ತೇವ ಸಿಕ್ಕೊಡನೆ ಕಾಳಿನ ಮೇಲಿರುವ ಶಿಲೀಂಧ್ರದ ಬೀಜಾಣುಗಳು ಮೊಳೆತು ನೂಲಿನಂತಹ ಎಳೆಗಳನ್ನು ಚಾಚುತ್ತವೆ. ಅವುಗಳ ಕಿಣ್ವಗಳಿಂದ ಕೊಬ್ಬಿನ ಅಂಶವು ಒಡೆದಾಗ ಆಕ್ಟೆನಾಲ್ ಮೊದಲಾದ, ಸುಲಭವಾಗಿ ಆವಿಯಾಗುವ ವಸ್ತುಗಳು ಉಂಟಾಗುತ್ತವೆ. ಅಣಬೆಯ ವಾಸನೆಗೂ ಇದೇ ಆಕ್ಟೆನಾಲ್ ಕಾರಣ.

ದೂರದ ಪೋರ್ಚುಗಲ್ಲಿನಲ್ಲಿ ಓಕ್ ಜಾತಿಯ ಮರವೊಂದರ ತೊಗಟೆಯಿಂದ ಬಿರಡೆಗಳನ್ನು ಮಾಡುವರು. ಇಂಥ ಬಿರಡೆ ಹಾಕಿದ ದ್ರಾಕ್ಷಾಮದ್ಯಕ್ಕೂ ಕೆಲವೊಮ್ಮೆ ಮುಗ್ಗುಲು ಹತ್ತುತ್ತದೆ. ಅದಕ್ಕೆ ಟ್ರೈಕ್ಲೋರೋಅನಿಸೋಲ್ ಎಂಬ ವಸ್ತು ಕಾರಣವೆಂದು 1982ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ತೋರಿಸಿಕೊಟ್ಟರು. ತೊಗಟೆಯಲ್ಲಿ ಸೇರಿದ ಕ್ಲೋರೀನುಳ್ಳ ಫೀನಾಲುಗಳು ಶಿಲೀಂಧ್ರಕ್ಕೆ ವಿಷ. ಅದು ಆ ವಿಷಕ್ಕೆ ಮೀಥೈಲ್ ಎಂಬ ಸಣ್ಣ ಪರಮಾಣು ಗುಂಪನ್ನು ಜೋಡಿಸಿ ತನಗೆ ನಿರಪಾಯ ಮಾಡಿಕೊಳ್ಳುತ್ತದೆ. ಬಡಜೀವಿಯ ಆತ್ಮರಕ್ಷಣೆಯ ಉಪಾಯ ಮನುಷ್ಯನ ಮೂಗಿಗೆ ದುರ್ವಾಸನೆಯಾಯಿತು! ಒಂದು ಲೀಟರಿನಲ್ಲಿ ಗ್ರಾಮಿನ ನೂರು ಕೋಟಿ ಪಾಲುಗಳಲ್ಲಿ ಕೆಲವೇ ಪಾಲು ಇದ್ದರೂ ಮೂಗು ಅದನ್ನು ಗುರುತಿಸಬಲ್ಲದು.

ಹಾಗೆಂದು ಮೂಗನ್ನೇ ನಂಬಿ ಕೂಡುವಂತಿಲ್ಲ. ಬಿರಡೆಯ ಈ ವಸ್ತು ರುಚಿಯನ್ನು ಕೆಡಿಸುವುದೇ ಹೊರತು ಅಷ್ಟು ಅಲ್ಪ ಪ್ರಮಾಣದಲ್ಲಿ ದೇಹಕ್ಕೆ ಕೇಡು ಮಾಡದು. ಶೇಂಗಾದ ಮೇಲೆ ಬೆಳೆಯುವ ಒಂದು ಬಗೆಯ ಬೂಷ್ಟು ಉಂಟುಮಾಡುವ ಅಫ್ಲಟಾಕ್ಸಿನ್ ಎಂಬ ವಿಷಕ್ಕಾದರೋ ವಾಸನೆಯೇ ಇಲ್ಲ. ಅದು ಯಕೃತ್ತನ್ನು ಕೆಡಿಸುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಇಂತಹ ಶೇಂಗಾ ಹಿಂಡಿಯನ್ನು ತಿಂದು ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಸತ್ತುವು. 1995ರಲ್ಲಿ ದಖ್ಖನ್ ಪ್ರಸ್ಥಭೂಮಿಯ ಕೆಲವು ಹಳ್ಳಿಗಳಲ್ಲಿ, ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಜೋಳವನ್ನುಂಡ ಜನರು ಹೊಟ್ಟೆನೋವು, ಭೇದಿಗಳಿಂದ ನರಳಿದರು. ಬಿಸಾಡಿದರೆ ಉಣ್ಣುವುದೇನನ್ನು? ಬಡವರ ಮನೆಯಲ್ಲಿ ಈ ಪ್ರಶ್ನೆ ಸಣ್ಣದಲ್ಲ.

ಕಾಳನ್ನು ಹಲ್ಲಿಗಿಟ್ಟು ಕಡಿದಾಗ ಕಟಕ್ಕೆನ್ನುವಷ್ಟು ಒಣಗಿದ ಮೇಲೆಯೇ ಜೋಳವನ್ನು ಶೇಖರಿಸುವ ರೂಢಿ ರೈತರಲ್ಲಿದೆ. ನೂರರಲ್ಲಿ ಹನ್ನೆರಡು ಪಾಲಿಗಿಂತ ಹೆಚ್ಚು ತೇವವಿರದ ಕಾಳಿನಲ್ಲಿ ಬೂಷ್ಟು ಬೇರೂರುವುದು ಕಷ್ಟ. ಶೇಂಗಾ ಬೀಜಗಳಲ್ಲಿ ಸುಕ್ಕಿದುವನ್ನೂ ಬಣ್ಣಗೆಟ್ಟುವನ್ನೂ ಆರಿಸಿ ತೆಗೆಯಬೇಕು. ಹುರಿದ ಮಾತ್ರಕ್ಕೆ ಅವುಗಳ ವಿಷ ಪೂರ್ತಿಯಾಗಿ ನಾಶವಾಗುವುದಿಲ್ಲ.